ಚಿಟಗುಪ್ಪದ ಕಡಲು

ನಿಜಾಮರ ಕಾಲದಲ್ಲಿ ಬೀದರ ಸೀಮೆಯ ನಮಗೆ ಸಮುದ್ರವೇ ಇರಲಿಲ್ಲ. 1956ರ ನವೆಂಬರ್ 1ರಂದು ನಕಾಶೆಯ ಗೆರೆ ಬದಲಾಯಿತು, ರಾತ್ರಿ ಬೆಳಗಾಗುವುದರಲ್ಲಿ ಮುನ್ನೂರು ಕಿ.ಮೀ. ಕಡಲು ನಮ್ಮದಾಯಿತು. ಅದನ್ನು ನೋಡಲು ಚಿಗವ್ವ ಹೊರಟದ್ದು ಮಾತ್ರ ಈ ರಾಜ್ಯೋತ್ಸವದ ತಿಂಗಳಲ್ಲಿ. ಗದ್ದಲದ ಬೀಚುಗಳನ್ನು ಬಿಟ್ಟು, ಗುಡ್ಡ ಹತ್ತಿ, ಅಳಿವೆ ದಾಟಿ, ಸದ್ದಿಲ್ಲದ ದಂಡೆಗಳ ಗುಂಟ ಒಂದು ವಾರ.

ಗುಡ್ಡ ಇಳಿದು ಮರಳಿಗೆ ಕಾಲಿಟ್ಟ ಚಿಗವ್ವ ಅಲ್ಲೇ ನಿಂತುಬಿಟ್ಟಳು. ಎದುರಿಗೆ ಅರವತ್ತೆರಡು ವರ್ಷದಲ್ಲಿ ಮೊದಲ ಸಲ ಕಂಡ ಸಮುದ್ರ. ಅವಳ ಕಣ್ಣು ಮಾತ್ರ ನೆಲದ ಮೇಲೆ.

ಸೆರಗು ಸಿಕ್ಕಿಸಿ ಬಗ್ಗಿದಳು. ಒಂದು ಹಿಡಿ ಮರಳು ತಗೊಂಡು, ಬಿತ್ತುವ ಮುಂಚೆ ಹೊಲದ ಹದ ನೋಡುವ ಹಾಗೆ ಮುಷ್ಟಿ ಒತ್ತಿ ಬಿಚ್ಚಿದಳು. ಉಂಡೆ ಕಟ್ಟಲಿಲ್ಲ. ಕರ್ರಗೆ, ಕಾಳುಕಾಳಾಗಿ ಬೆರಳ ಸಂದಿಯಿಂದ ಉದುರಿತು.

"ಇದೇನೋ ತಮ್ಮಾ! ನೋಡಿದ್ರ ಎರಿ ಹೊಲದಾಂಗ ಅದ, ಮುಟ್ಟಿದ್ರ ಎಳ್ಳು!"

ಈ ದಂಡೆಗೆ ಹೆಸರಿಟ್ಟವರಿಗೂ ಹಾಗೇ ಅನಿಸಿರಬೇಕು. ಕಾರವಾರದ ಉತ್ತರಕ್ಕೆ, ಗೋವಾ ಗಡಿಗೆ ತಾಗಿದ ಮಾಜಾಳಿಯಾಚೆಗಿನ ಈ ಜಾಗದ ಹೆಸರು ತಿಳ್‌ಮಾತಿ. ತಿಳ್ ಅಂದರೆ ಎಳ್ಳು, ಮಾತಿ ಅಂದರೆ ಮಣ್ಣು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಉರ್ದು ಆಡಿ ಬೆಳೆದ ಬೀದರ ಜಿಲ್ಲೆಯವರಿಗೆ ಈ ಕೊಂಕಣಿ ಹೆಸರನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಮಾಜಾಳಿಯ ಬಿಳಿ ಮರಳಿನಿಂದ ಒಂದು ಗುಡ್ಡ ದಾಟಿದರೆ ಸಾಕು, ಮರಳಿನ ಬಣ್ಣವೇ ಬದಲು. ಇಕ್ಕೆಲದ ಕರಿಬಂಡೆಯನ್ನು ಅಲೆ ಅರೆದು ಅರೆದು ಮಾಡಿದ ಪುಡಿ ಇದು.

ಆ ಮುಂಜಾನೆ ಅಲ್ಲಿ ನಾವಿಬ್ಬರೇ. ಚಹಾ ಅಂಗಡಿಯಿಲ್ಲ, ಛತ್ರಿ ಕುರ್ಚಿಯಿಲ್ಲ, ಕುದುರೆ ಸವಾರಿಯವರಿಲ್ಲ. ಒಂದು ಗರುಡ ಮೇಲೆ ಸುತ್ತುತ್ತಿತ್ತು.

ಸುಮಾರು ಹೊತ್ತಾದ ಮೇಲೆ ಚಿಗವ್ವ ತಲೆ ಎತ್ತಿ ನೀರಿನ ಕಡೆ ನೋಡಿದಳು. ನೋಡಿ ಒಂದೇ ಪ್ರಶ್ನೆ ಕೇಳಿದಳು: "ಇದಕ್ಕ ಆಚಿ ದಂಡಿ ಇಲ್ಲೇನು?"

ನೀರು ಹೋಗುವುದು ಮೂಡಣಕ್ಕೆ

ನಮ್ಮೂರು ಚಿಟಗುಪ್ಪದಿಂದ ಕಡಲು ಎಷ್ಟು ದೂರ? ಬಸ್ಸಿನಲ್ಲಿ ಕಲಬುರಗಿ, ವಿಜಯಪುರ, ಹುಬ್ಬಳ್ಳಿ; ಅಲ್ಲಿಂದ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಐನೂರು ಕಿ.ಮೀ. ಮೀರುತ್ತದೆ. ಮನಸ್ಸಿಗೆ ಅದಕ್ಕಿಂತಲೂ ದೂರ. ನಮ್ಮ ಕಡೆ ನೀರೆಂದರೆ ಬಾವಿ, ಕೆರೆ, ಬೋರು, ತೀರಾ ಹೆಚ್ಚೆಂದರೆ ಕಾರಂಜಾ ಡ್ಯಾಮು.

ನಮ್ಮ ನೀರು ಪಡುವಣ ಕಡಲಿನ ಕಡೆ ತಿರುಗಿಯೂ ನೋಡುವುದಿಲ್ಲ. ಕಾರಂಜಾ ಮಾಂಜ್ರಾ ಸೇರುತ್ತದೆ, ಮಾಂಜ್ರಾ ಗೋದಾವರಿ ಸೇರುತ್ತದೆ. ಬಸವಕಲ್ಯಾಣದ ಕಡೆ ಹುಟ್ಟುವ ಮುಲ್ಲಾಮಾರಿ ಕಾಗಿಣಾ, ಭೀಮೆಯರ ಮೂಲಕ ಕೃಷ್ಣೆಗೆ. ಎರಡೂ ಕೊನೆಗೆ ಬಂಗಾಳ ಕೊಲ್ಲಿಗೆ. ಹುಮನಾಬಾದ, ಚಿಟಗುಪ್ಪದ ಹೊಲಗಳಲ್ಲಿ ಬಿದ್ದ ಮಳೆಯ ಒಂದು ಹನಿಯೂ ಕಾರವಾರದ ಹಾದಿ ಹಿಡಿಯುವುದಿಲ್ಲ.

ರಾಜಕೀಯದಲ್ಲೂ ಹಾಗೇ ಇತ್ತು. ನಾವಿದ್ದ ಹೈದರಾಬಾದ್ ಸಂಸ್ಥಾನಕ್ಕೆ ನಾಲ್ಕೂ ಕಡೆ ನೆಲವೇ. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಸಮುದ್ರದ ದಾರಿಗಾಗಿ ನಿಜಾಮರ ಕಡೆಯವರು ಪೋರ್ಚುಗೀಸರಿಂದ ಗೋವಾ ಕೊಳ್ಳುವ ಮಾತನ್ನೂ ಆಡಿದ್ದರು. ಅಷ್ಟು ಐಶ್ವರ್ಯವಿದ್ದರೂ ಒಂದು ಗೇಣು ಉಪ್ಪುನೀರು ಸಿಗಲಿಲ್ಲ.

ದುಡ್ಡಿಗೆ ಸಿಗದ್ದು ಭಾಷೆಯಿಂದ ಸಿಕ್ಕಿತು. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅದೇ ದಿನ ಮುಂಬಯಿ ರಾಜ್ಯದಿಂದ ಉತ್ತರ ಕನ್ನಡ, ಮದ್ರಾಸಿನಿಂದ ದಕ್ಷಿಣ ಕನ್ನಡ. ಹಳೇ ಮೈಸೂರಿಗೂ ಅಲ್ಲಿಯತನಕ ಕಡಲಿರಲಿಲ್ಲ. ರಾಜ್ಯೋತ್ಸವದ ಭಾಷಣಗಳಲ್ಲಿ ನಾಡು, ನುಡಿ, ನದಿ ಎಲ್ಲ ಬರುತ್ತವೆ. ಬೀದರಿನ ವೇದಿಕೆಗಳಲ್ಲಿ 'ನಮ್ಮ ಸಮುದ್ರ' ಎಂದವರನ್ನು ನಾನಂತೂ ಕೇಳಿಲ್ಲ.

ನವೆಂಬರ್ ಹೊರಡಲು ಹದವಾದ ಕಾಲ. ನಮ್ಮ ಕಡೆ ಸೋಯಾ ರಾಶಿ ಮುಗಿದು, ಹಿಂಗಾರಿ ಜೋಳ ಬಿತ್ತಿ, ತೊಗರಿ ಕೊಯ್ಲಿಗೆ ಇನ್ನೂ ದಿನವಿರುವ ಬಿಡುವು. ಅತ್ತ ಕಡಲೂ ಬಿಡುವಿನಲ್ಲಿರುತ್ತದೆ. ಮಳೆಗಾಲದ ಅಲೆಗಳು ಎಳೆದುಕೊಂಡು ಹೋಗಿ ಒಳಗೆ ಗುಡ್ಡೆ ಹಾಕಿದ್ದ ಮರಳನ್ನು ಸಣ್ಣ ಅಲೆಗಳು ಒಂದೊಂದೇ ಪದರವಾಗಿ ದಡಕ್ಕೆ ತಂದು ಹಾಸುತ್ತವೆ. ಜುಲೈನಲ್ಲಿ ಕಲ್ಲು ಕಾಣುತ್ತಿದ್ದ ಜಾಗದಲ್ಲಿ ನವೆಂಬರಿಗೆ ಹೊಸ ದಂಡೆ.

ಗುಡ್ಡವೇ ಕಾವಲು

ಒಂದು ದಂಡೆ ಸದ್ದಿಲ್ಲದೆ ಉಳಿಯಲು ಏನಾದರೊಂದು ಅಡ್ಡ ಬೇಕು. ಉತ್ತರ ಕನ್ನಡದಲ್ಲಿ ಆ ಅಡ್ಡಗಳಿಗೆ ಬರವಿಲ್ಲ. ಘಟ್ಟದ ಕಾಲುಗಳು ಇಲ್ಲಿ ನೇರ ನೀರಿಗೇ ಇಳಿದಿವೆ. ಎರಡು ಕಾಲುಗಳ ನಡುವೆ ಒಂದೊಂದು ಬೊಗಸೆ ಮರಳು. ಹೆದ್ದಾರಿ ಈ ಗುಡ್ಡಗಳ ಬೆನ್ನ ಹಿಂದೆ ಹಾದುಹೋಗುತ್ತದೆ. ದಕ್ಷಿಣದ ಮರವಂತೆಯಲ್ಲಿ ಹಾಗಿಲ್ಲ. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ, ನಡುವೆ ಹೆದ್ದಾರಿ. ಅಲ್ಲಿ ಕಾರು ನಿಲ್ಲಿಸದೆ ಹೋಗುವವರಿಲ್ಲ, ಹಾಗಾಗಿ ಮೌನಕ್ಕೂ ಜಾಗವಿಲ್ಲ.

ಕಾರವಾರದ ದಕ್ಷಿಣಕ್ಕೆ ಇನ್ನೊಂದು ಬಗೆಯ ಮೌನ ಉಂಟು. ಅರ್ಗಾದ ಆಚೀಚಿನ ದಂಡೆಗಳೀಗ ನೌಕಾನೆಲೆಯ ತಂತಿಬೇಲಿಯೊಳಗೆ. ಐಎನ್ಎಸ್ ಕದಂಬ 2005ರಲ್ಲಿ ಕೆಲಸ ಆರಂಭಿಸುವ ಹೊತ್ತಿಗೆ ಸಾವಿರಾರು ಕುಟುಂಬಗಳು ಊರು ಬಿಟ್ಟಾಗಿತ್ತು. ಬಸ್ಸಿನ ಕಿಟಕಿಯಿಂದ ನೋಡಿದರೆ ಚೊಕ್ಕ ಮರಳು, ಹಸಿರು ಗುಡ್ಡ, ಯಾರೂ ಇಲ್ಲ. 'ಅಳಿಯದ ಸೌಂದರ್ಯ' ಎಂದು ಬರೆಯಬಹುದಾದ ಚಿತ್ರವೇ. ನನಗೆ ಬರೆಯಲಾಗಲಿಲ್ಲ.

ಗೋಕರ್ಣದಲ್ಲಿ ಗುಡ್ಡದ ಲೆಕ್ಕ ಕಾಲಿಗೇ ಗೊತ್ತಾಗುತ್ತದೆ. ದೇವಸ್ಥಾನದ ಮುಂದಿನ ದಂಡೆಯಲ್ಲಿ ಜಾತ್ರೆ. ಒಂದು ಗುಡ್ಡ ದಾಟಿದರೆ ಕುಡ್ಲೆ, ಅಲ್ಲಿ ಅರ್ಧ ಜಾತ್ರೆ. ಇನ್ನೊಂದು ದಾಟಿದರೆ ಓಂ ಬೀಚು. ಅಲ್ಲಿಂದ ಕಲ್ಲಿನ ಕಾಲುದಾರಿಯಲ್ಲಿ ಹಾಫ್ ಮೂನ್, ಅದರಾಚೆ ಪ್ಯಾರಡೈಸ್. ಕೊನೆಯದಕ್ಕೆ ಇಂದಿಗೂ ನಡೆದೇ ಹೋಗಬೇಕು, ಇಲ್ಲವೇ ದೋಣಿ ಹಿಡಿಯಬೇಕು. ಪ್ರತಿ ಗುಡ್ಡವೂ ಜರಡಿ ಹಿಡಿದಂತೆ ಜನರನ್ನು ಸೋಸಿ ಬಿಡುತ್ತದೆ.

ಈ ದಾರಿಯಲ್ಲೇ ಚಿಗವ್ವನಿಗೆ ತವರಿನ ಕಲ್ಲು ಕಂಡದ್ದು. ಕುಡ್ಲೆಯ ಮೇಲಿನ ಕೆಂಪು ಬಯಲಿನಲ್ಲಿ ಕೂತು ಕಾಲು ಒತ್ತಿಕೊಳ್ಳುತ್ತಿದ್ದವಳು ನೆಲ ತಟ್ಟಿ ಅಂದಳು: "ಇದು ಬೀದರ ಕಿಲ್ಲಾದ ಕಲ್ಲಲ್ಲೇನೋ? ಇಷ್ಟ ದೂರ ಯಾರು ತಂದ್ರು?"

[ಬಾಕ್ಸ್] ಒಂದೇ ಕಲ್ಲು, ಎರಡು ಸೀಮೆ
*ಬೀದರ, ಹುಮನಾಬಾದ ಕಡೆಯ ಪ್ರಸ್ಥಭೂಮಿಯ ತಲೆಗೂ ಕರಾವಳಿ ಗುಡ್ಡಗಳ ತಲೆಗೂ ಒಂದೇ ಟೊಪ್ಪಿಗೆ: ಜಂಬಿಟ್ಟಿಗೆ. ಉತ್ತರ ಕನ್ನಡದವರಿಗೆ ಇದು ಚಿರೇಕಲ್ಲು, ದಕ್ಷಿಣ ಕನ್ನಡದವರಿಗೆ ಮುರಕಲ್ಲು. ಬಿಸಿಲು, ಮಳೆ ಲಕ್ಷಾಂತರ ವರ್ಷ ಬಂಡೆಯನ್ನು ತೊಳೆದು ಉಳಿದವೆಲ್ಲ ಕರಗಿ ಹೋದ ಮೇಲೆ ಕಬ್ಬಿಣ, ಅಲ್ಯೂಮಿನಿಯಂ ಅಂಶ ಉಳಿದು ಗಟ್ಟಿಯಾದದ್ದು. ನೆಲದಲ್ಲಿರುವಾಗ ಮೆದು, ಗಾಳಿಗೆ ಬಂದರೆ ಕಠಿಣ.*
*1807ರಲ್ಲಿ ಇದಕ್ಕೆ 'ಲ್ಯಾಟರೈಟ್' ಎಂಬ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಲ್ಯಾಟಿನ್‌ನಲ್ಲಿ ಇಟ್ಟಿಗೆಗೆ 'ಲೇಟರ್'.*
*ಬಹಮನಿಗಳ ಬೀದರ ಕೋಟೆಯೂ ಕುಮಟಾ ಬಳಿಯ ಮಿರ್ಜಾನ್ ಕೋಟೆಯೂ ಇದೇ ಕಲ್ಲಿನವು. ಬೀದರಿನ ನೆಲದಡಿಯ ಕರೇಜ್ ಕಾಲುವೆಗಳನ್ನೂ ಕಾಸರಗೋಡು, ದಕ್ಷಿಣ ಕನ್ನಡದ ಗುಡ್ಡಗಳ ನೀರಿನ ಸುರಂಗಗಳನ್ನೂ ಕೊರೆದದ್ದು ಈ ಕಲ್ಲಿನಲ್ಲೇ.*

ಚೌಡಯ್ಯನ ಮಂದಿ

ಪ್ಯಾರಡೈಸಿನಾಚೆ ಬೇಲೆಕಾನ, ಅದರಾಚೆ ತದಡಿ. ಅಲ್ಲಿ ಗುಡ್ಡ ಮುಗಿದು ಅಘನಾಶಿನಿಯ ಅಳಿವೆ ಶುರು. ಎದುರು ದಡದಲ್ಲಿ ನದಿಯ ಹೆಸರಿನದೇ ಊರು. ಕಣ್ಣಿಗೆ ಕಾಣುವಷ್ಟು ಹತ್ತಿರ. ರಸ್ತೆಯಲ್ಲಿ ಸುತ್ತಿ ಹೋದರೆ ಬಲು ದೂರ. ದೋಣಿ ದಾಟಿಸುವವರಿದ್ದಾರೆ.

ದೋಣಿಯವನನ್ನು ಚಿಗವ್ವ ನಮ್ಮ ಕಡೆಯ ರೂಢಿಯಂತೆ ವಿಚಾರಿಸಿದಳು: ಯಾವ ಮಂದಿ, ಎಷ್ಟು ಮಕ್ಕಳು, ಹೊಲ ಎಷ್ಟು. ಅವನು ನಗುತ್ತ, "ನಾವು ಅಂಬಿಗರು ಅಮ್ಮಾ, ಹೊಲ ಇದೇ" ಎಂದು ನೀರು ತೋರಿಸಿದ. ಚಿಗವ್ವ ಎರಡೂ ಕೈ ಜೋಡಿಸಿಬಿಟ್ಟಳು. "ನಮ್ಮ ಚೌಡಯ್ಯನ ಮಂದಿ!"

ಅಂಬಿಗರ ಚೌಡಯ್ಯ ಬಸವಣ್ಣನವರ ಕಾಲದ ಶರಣ. ತುಂಗಭದ್ರೆಯ ದಡದಲ್ಲಿ ಹುಟ್ಟು ಹಾಕಿದವನು. ಬಸವಕಲ್ಯಾಣ ನಮಗೆ ನೆರೆಯೂರು. ಅಲ್ಲಿ ಬೋಟು ನಡೆಸುವಂಥ ನದಿಯೇ ಇಲ್ಲದಿದ್ದರೂ ಅಂಬಿಗನ ಹೆಸರು ಮನೆಮಾತು. ದೋಣಿಯವನು ದುಡ್ಡು ತೆಗೆದುಕೊಳ್ಳಲು ಅನುಮಾನಿಸಿದ. ಚಿಗವ್ವ ಬಿಡಲಿಲ್ಲ.

ಈ ನದಿಗೆ ಅಣೆಕಟ್ಟಿಲ್ಲ. ಶಿರಸಿ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ತನ್ನ ಮರಳು ಮಣ್ಣನ್ನೆಲ್ಲ ಹೊತ್ತು ಇಲ್ಲಿಯವರೆಗೆ ಬರುತ್ತದೆ. ಕಡಲ ದಂಡೆಗೆ ಇದು ಸಣ್ಣ ಸಂಗತಿಯಲ್ಲ, ನದಿ ತಂದು ಸುರಿದರೇ ಮರಳು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಬಂತು, ಕಾಳಿಗೆ ಸೂಪಾ, ಕದ್ರಾ ಬಂದವು. ಆ ನದಿಗಳ ಮರಳಿನ ಪಾಲು ಡ್ಯಾಮುಗಳ ತಳದಲ್ಲಿ ಉಳಿಯುತ್ತದೆ. ಕಡಲ್ಕೊರೆತದ ಸುದ್ದಿ ಬಂದಾಗಲೆಲ್ಲ ನಾವು ಅಲೆಯನ್ನು ಬೈಯುತ್ತೇವೆ.

ಅಘನಾಶಿನಿಯ ಅಳಿವೆ 2024ರ ಜನವರಿಯಲ್ಲಿ ಜಾಗತಿಕ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಇಳಿತದ ಹೊತ್ತಿನಲ್ಲಿ ಹೆಂಗಸರು ಸೊಂಟಮಟ್ಟದ ನೀರಿನಲ್ಲಿ ಬಳಚು ಆರಿಸುತ್ತಾರೆ. ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ. "ಉಪ್ಪಿನಾಗ ಬೆಳಿ!" ಎಂದು ಚಿಗವ್ವ ನಾಲ್ಕು ಕಾಳು ಕೇಳಿ ಪಡೆದು ಸೆರಗಿನ ತುದಿಗೆ ಕಟ್ಟಿಕೊಂಡಳು. ಚಿಟಗುಪ್ಪದಲ್ಲಿ ಅದನ್ನು ಎಲ್ಲಿ ಬಿತ್ತುತ್ತಾಳೋ.

ಕಣದಲ್ಲಿ ಚಪ್ಪಲಿ

ಅಳಿವೆ ದಾಟಿ ದಕ್ಷಿಣಕ್ಕೆ ನಡೆದರೆ ಕಾಗಾಲ, ಬಾಡ. ಕುಮಟಾಕ್ಕೆ ಹತ್ತಿರವಿದ್ದೂ ಪ್ರವಾಸಿಗರ ಬಾಯಿಗೆ ಇನ್ನೂ ಅಷ್ಟಾಗಿ ಬೀಳದ ಊರುಗಳು. ತೆಂಗು, ಗಾಳಿಮರ, ಅದರ ಮುಂದೆ ಉದ್ದಕ್ಕೂ ಮರಳು.

ನಾನು ಇದನ್ನು ಖಾಲಿ ದಂಡೆ ಎಂದುಕೊಂಡಿದ್ದೆ. ಬೆಳಗಿನ ಆರೂವರೆಗೆ ಆ ಎಣಿಕೆ ತಪ್ಪಿತು.

ಹದಿನೈದು ಇಪ್ಪತ್ತು ಜನ ಕೈರಂಪಣಿ ಎಳೆಯುತ್ತಿದ್ದರು. ಸಣ್ಣ ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರವಾಗಿ ಬಿಟ್ಟು ಬರುತ್ತಾರೆ; ಅದರ ಎರಡು ತುದಿಯ ಹಗ್ಗವನ್ನು ಎರಡು ಗುಂಪುಗಳು ದಡದಲ್ಲಿ ನಿಂತು ಎಳೆಯುತ್ತವೆ. ಹಿಂದೆ ಇದರ ದೊಡ್ಡಣ್ಣ ರಂಪಣಿ ಇತ್ತು. ಊರಿಗೆ ಊರೇ ಸೇರಿ ಎಳೆದು, ಪಾಲು ಹಂಚಿಕೊಳ್ಳುವ ಬಲೆ. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದು ದಡಕ್ಕೆ ಬರುವ ಮೀನನ್ನು ಆಳದಲ್ಲೇ ಹಿಡಿಯತೊಡಗಿದ ಮೇಲೆ ದೊಡ್ಡಣ್ಣ ಮೂಲೆ ಸೇರಿದ, ತಮ್ಮ ಉಳಿದ.

ಹಗ್ಗದ ಆಚೆ ಮರಳಿನ ಮೇಲೆ ಮೀನು ಒಣಗಲು ಹರವಿತ್ತು. ಹೆಂಗಸರು ಕೈಯಾಡಿಸುತ್ತಿದ್ದರು. ಫೋಟೊ ತೆಗೆಯಲು ನಾನು ಸೀದಾ ನುಗ್ಗಿದೆ.

"ಏ, ನಿಂದ್ರೋ!" ಹಿಂದಿನಿಂದ ಚಿಗವ್ವನ ದನಿ. ತಿರುಗಿ ನೋಡಿದರೆ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದಾಳೆ. "ಕಣದಾಗ ಕೆರ ಮೆಟ್ಟಿ ಹೋಗ್ತಾರೇನು? ರಾಶಿ ನಡದದ ಕಾಣ್ಸಲ್ಲೇನು ನಿನಗ?"

ರಾಶಿಯ ಕಣಕ್ಕೆ ನಮ್ಮಲ್ಲಿ ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ಅದು ಹೊಟ್ಟೆಯ ಜಾಗ. ನಾನು ಬೂಟು ಬಿಚ್ಚಿದೆ. ಮೀನು ಹರವುತ್ತಿದ್ದ ಹೆಂಗಸರಿಗೆ ಇದೆಲ್ಲ ವಿಚಿತ್ರವಾಗಿ ಕಂಡಿರಬೇಕು, ಬಾಯಿಗೆ ಸೆರಗು ಹಿಡಿದು ನಕ್ಕರು. ಆಮೇಲೆ ಒಬ್ಬಾಕೆ ಕೂರಲು ತೆಂಗಿನ ಗರಿ ಹಾಸಿದಳು.

ಕರಾವಳಿಯ ಶಾಂತ ಬೀಚುಗಳ ಪಟ್ಟಿ ಮಾಡುವವರೆಲ್ಲ 'ಯಾರೂ ಇಲ್ಲದ' ಎಂಬ ಪದವನ್ನು ಧಾರಾಳವಾಗಿ ಬಳಸುತ್ತಾರೆ. ಹೊರಡುವ ಮುಂಚೆ ನನ್ನ ಟಿಪ್ಪಣಿ ಪುಸ್ತಕದಲ್ಲೂ ಅದೇ ಇತ್ತು. ಪ್ರವಾಸಿಗರಿಲ್ಲ ಎನ್ನುವುದನ್ನು ನಾವು ಜನರಿಲ್ಲ ಎಂದು ಓದಿಕೊಳ್ಳುತ್ತೇವೆ.

ಹಗ್ಗಕ್ಕೆ ಐದು ನಿಮಿಷ ಕೈ ಹಾಕಿದ್ದಕ್ಕೆ ನನಗೂ ಪಾಲು ಬಂತು, ನಾಲ್ಕು ತಾರ್ಲೆ ಮೀನು. ನಮ್ಮದು ಲಿಂಗಾಯತರ ಮನೆ. ಚಿಗವ್ವ ಮೀನಿನ ಮುಖ ನೋಡಿದವಳಲ್ಲ. ಬೇಡ ಎನ್ನಲು ಬಾಯಿ ತೆರೆದೆ, ಕಣ್ಣಲ್ಲೇ ತಡೆದಳು. ಕಣದಲ್ಲಿ ಕೊಟ್ಟದ್ದನ್ನು ಒಲ್ಲೆ ಅನ್ನಬಾರದು. ಎಲೆಯಲ್ಲಿ ಸುತ್ತಿಸಿಕೊಂಡು, ಮೂಗು ಆಚೆ ತಿರುಗಿಸಿ, ನಾವಿಳಿದುಕೊಂಡಿದ್ದ ಮನೆಯ ತನಕ ತಾನೇ ಹಿಡಿದು ತಂದಳು. ಮನೆಯೊಡತಿಗೆ ಖುಷಿ, ಬೆಕ್ಕಿಗೆ ಇನ್ನೂ ಖುಷಿ.

ಅಲೆಯಿಲ್ಲದ ಜಾಗ

ಧಾರೇಶ್ವರದ ದಂಡೆಯಲ್ಲಿ ನಾನು ನೀರಿಗಿಳಿಯಲು ಹೊರಟೆ. ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತವನು, ಧೈರ್ಯಕ್ಕೇನೂ ಕೊರತೆಯಿಲ್ಲ. ಎರಡು ಕಡೆ ಅಲೆ ಒಡೆದು ನೊರೆ ಏಳುತ್ತಿತ್ತು, ನಡುವೆ ಒಂದು ಪಟ್ಟಿ ಮಾತ್ರ ಕೆರೆಯ ನೀರಿನ ಹಾಗೆ ಸುಮ್ಮನಿತ್ತು. ಅದನ್ನೇ ಆರಿಸಿಕೊಂಡೆ.

ಬಲೆ ಹೆಣೆಯುತ್ತಿದ್ದ ಮುದುಕರೊಬ್ಬರು ಕೂಗಿದರು: "ತಮಾ, ಅಲ್ಲಿ ಬೇಡ! ಅಲೆ ಇಲ್ದೇ ಇರೂ ಜಾಗದಲ್ಲೇ ಸೆಳೆತ ಇರೂದು."

ಬಯಲುಸೀಮೆಯ ಕಣ್ಣು ಮೋಸ ಹೋಗುವುದು ಇಲ್ಲೇ. ಬಾವಿಯಲ್ಲಿ, ಕೆರೆಯಲ್ಲಿ ಸುಮ್ಮನಿರುವ ನೀರು ನಂಬಬಹುದಾದ ನೀರು. ಕಡಲಲ್ಲಿ ತಿರುವುಮುರುವು. ಅಲೆಗಳು ದಡಕ್ಕೆ ತಳ್ಳಿದ ನೀರೆಲ್ಲ ವಾಪಸು ಹೋಗಲೇಬೇಕು. ಮರಳದಿಬ್ಬಗಳ ನಡುವಿನ ಆಳದ ಓಣಿ ಹಿಡಿದು ಹೋಗುತ್ತದೆ. ಆಳವಿರುವುದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ, ನೊರೆ ಏಳುವುದಿಲ್ಲ.

2024ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದಲ್ಲಿ ನೀರುಪಾಲಾದರು. ಕೋಲಾರದಂತೆಯೇ ಬೀದರ ಕೂಡ ಮಕ್ಕಳಿಗೆ ಕಡಲು ತೋರಿಸಲು ಬಸ್ಸು ಹೊರಡಿಸುವ ಜಿಲ್ಲೆ. ಮುರುಡೇಶ್ವರದ್ದು ಹೆಸರಾಂತ, ಜನ ತುಂಬಿದ ಬೀಚು. ನಾನು ಇಲ್ಲಿ ಹೊಗಳುತ್ತಿರುವ ದಂಡೆಗಳಲ್ಲಿ ಶಿಳ್ಳೆ ಹೊಡೆಯಲು ಜೀವರಕ್ಷಕರೂ ಇರುವುದಿಲ್ಲ. ಬಲೆ ಹೆಣೆಯುವ ಮುದುಕರು ಇದ್ದರೆ ನಮ್ಮ ಪುಣ್ಯ.

[ಬಾಕ್ಸ್] ನೀರಿಗೆ ಇಳಿಯುವ ಮುನ್ನ
*ಮೊದಲು ಊರಿನವರನ್ನು ಕೇಳಿ. ಅವರು ಇಳಿಯದ ಜಾಗದಲ್ಲಿ ಇಳಿಯಬೇಡಿ.*
*ನೊರೆಯ ನಡುವೆ ಕಪ್ಪಗೆ, ಶಾಂತವಾಗಿ ಕಾಣುವ ಪಟ್ಟಿಯಿಂದ ದೂರವಿರಿ.*
*ಸೆಳೆತಕ್ಕೆ ಸಿಕ್ಕರೆ ದಡದ ಕಡೆ ಈಜಿ ದಣಿಯಬೇಡಿ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ. ಓಣಿ ಕಿರಿದು, ದಾಟಿದರೆ ಅಲೆಯೇ ದಡಕ್ಕೆ ತರುತ್ತದೆ. ಆಗದಿದ್ದರೆ ತೇಲುತ್ತ ಕೈ ಎತ್ತಿ.*
*ಉಬ್ಬರ, ಇಳಿತ ದಿನಕ್ಕೆ ಎರಡೆರಡು ಬಾರಿ. ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಹೆಚ್ಚು ಏರುತ್ತದೆ. ಬಂಡೆ ಸುತ್ತಿ ಹೋದ ದಾರಿ ವಾಪಸು ಬರುವಾಗ ನೀರಿನಡಿ ಇರಬಹುದು.*
*ತುರ್ತಿಗೆ 112.*

ಎರಡು ಕಾಸರಕೋಡು

ಹೊನ್ನಾವರದಲ್ಲಿ ಶರಾವತಿ ಕಡಲು ಸೇರುವಲ್ಲಿ ಕಾಸರಕೋಡು. 2020ರ ಅಕ್ಟೋಬರಿನಲ್ಲಿ ದೇಶದ ಎಂಟು ಬೀಚುಗಳಿಗೆ ಮೊದಲ ಬಾರಿ, ಸ್ವಚ್ಛತೆ ಸುರಕ್ಷತೆಗೆ ಕೊಡುವ 'ಬ್ಲೂ ಫ್ಲ್ಯಾಗ್' ಮಾನ್ಯತೆ ಸಿಕ್ಕಿತು. ಅದರಲ್ಲಿ ಕರ್ನಾಟಕದವು ಎರಡು: ಇದು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ. ಬಿದಿರು ಬೇಲಿ, ಸ್ನಾನದ ಮನೆ, ಕಸದ ಬುಟ್ಟಿ ಎಲ್ಲ ಒಪ್ಪ. ಚಿಗವ್ವನಿಗೆ ಕಕ್ಕಸು ಚೊಕ್ಕ ಇದ್ದದ್ದೇ ದೊಡ್ಡ ಸಮಾಧಾನ. ಗುಡ್ಡ ಹತ್ತಿ ಇಳಿಯುವ ದಂಡೆಗಳ ಬಗ್ಗೆ ಬರೆಯುವ ಗಂಡಸರು ಈ ಮಾತು ಮರೆತಿರುತ್ತಾರೆ. ನಾನೂ ಮರೆತಿದ್ದೆ.

ಅದೇ ಕಾಸರಕೋಡಿನ ಟೊಂಕದಲ್ಲಿ ಬೇರೆ ಕತೆ. ಖಾಸಗಿ ವಾಣಿಜ್ಯ ಬಂದರಿನ ವಿರುದ್ಧ ಮೀನುಗಾರರು ವರ್ಷಗಳಿಂದ ಜಗಳವಾಡುತ್ತಿದ್ದಾರೆ. ಅಂಕೋಲಾದ ಕೇಣಿಯಲ್ಲೂ ಬಂದರು ಯೋಜನೆ, ಅದೇ ವಿರೋಧ. ಟೊಂಕದ ಮರಳು ಮನುಷ್ಯರದಷ್ಟೇ ಅಲ್ಲ. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಆಮೆಗಳು ಇಲ್ಲಿಗೆ ಬಂದು ಮರಳು ತೋಡಿ ನೂರರ ಆಸುಪಾಸು ಮೊಟ್ಟೆಯಿಟ್ಟು ಮುಚ್ಚಿ ಹೋಗುತ್ತವೆ. ಏಳೆಂಟು ವಾರಕ್ಕೆ ಮರಿ ಹೊರಬಂದು, ಎಲ್ಲಿ ಬೆಳಕು ಹೆಚ್ಚೋ ಅತ್ತ ಓಡುತ್ತವೆ. ಕತ್ತಲ ದಂಡೆಯಲ್ಲಿ ಆ ಬೆಳಕು ಕಡಲಿನ ಮೇಲಿರುತ್ತದೆ. ರೆಸಾರ್ಟಿನ ದೀಪವಿದ್ದರೆ ಮರಿಗಳು ರಸ್ತೆ ಸೇರುತ್ತವೆ.

ಆಮೆ ತಾನು ಹುಟ್ಟಿದ ಸೀಮೆಯ ದಂಡೆಗೇ ಮೊಟ್ಟೆಯಿಡಲು ಮರಳುತ್ತದೆ ಎಂದಾಗ ಚಿಗವ್ವ ಆಶ್ಚರ್ಯಪಡಲಿಲ್ಲ. "ಚೊಚ್ಚಲಕ್ಕ ತವರಿಗೆ ಬರ್ತದ" ಎಂದಳು, ಅಷ್ಟೇ.

ಹತ್ತಿರದ ಅಪ್ಸರಕೊಂಡದ ಗುಡ್ಡದ ಮೇಲಿಂದ ಆ ಸಂಜೆ ನೋಡಿದ ಕಡಲನ್ನು ವರ್ಣಿಸುವುದಿಲ್ಲ. ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಲು ದಿನ ಉಳಿಯಲಿಲ್ಲ. ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲಕ್ಕೆ, ಸುಮಾರು 8.8 ಕೋಟಿ ವರ್ಷದ ಹಿಂದೆ, ಉಕ್ಕಿದ ಲಾವಾದ ಕಂಬಗಳು ಅಲ್ಲಿವೆ. ನಮ್ಮ ಎರೆಮಣ್ಣಿಗೆ ತಾಯಿಯಾದ ದಖನ್ ಲಾವಾ ಹರಿದದ್ದು 6.6 ಕೋಟಿ ವರ್ಷದ ಆಸುಪಾಸಿನಲ್ಲಿ. ಚಿಟಗುಪ್ಪದ ಹೊಲಕ್ಕಿಂತ ಆ ಕಂಬಗಳು ಎರಡು ಕೋಟಿ ವರ್ಷ ಹಿರಿಯವು ಎಂಬ ಲೆಕ್ಕಕ್ಕೆ ಚಿಗವ್ವ ಸೊಪ್ಪು ಹಾಕಲಿಲ್ಲ. ಅವಳಿಗೆ ಊರಿನ ಚಿಂತೆ ಶುರುವಾಗಿತ್ತು. ತೊಗರಿಗೆ ಕೀಡಿ ಬಿದ್ದಿದೆಯೆಂದು ಫೋನು ಬಂದಿತ್ತು.

ಹೊರಡುವ ಮುಂಜಾನೆ ಮತ್ತೆ ಬಾಡದ ದಂಡೆಗೆ ಹೋದೆವು. ಬುತ್ತಿಯಲ್ಲಿ ಊರಿನಿಂದ ತಂದ ಕಟಕ ರೊಟ್ಟಿ ಇನ್ನೂ ಎರಡಿದ್ದವು. ಚಿಗವ್ವ ಅದರ ಮೇಲೆ ಶೇಂಗಾ ಹಿಂಡಿ ಉದುರಿಸಿ ಚೂರು ಮಾಡಿದಳು. ಎಳ್ಳ ಅಮಾಸಿಗೆ ಹೊಲದ ನಾಲ್ಕೂ ಮೂಲೆಗೆ ಚರಗ ಚೆಲ್ಲುವ ಕೈ ಅದು. ಮೊಣಕಾಲುದ್ದ ನೀರಿಗಿಳಿದು, ಹಬ್ಬಕ್ಕೆ ತಿಂಗಳು ಮುಂಚೆಯೇ, ಕಡಲಿಗೆ ಒಂದು ಚರಗ ಚೆಲ್ಲಿದಳು.

ಬಂದ ಅಲೆ ಚೂರುಗಳನ್ನೆಲ್ಲ ತಂದು ಅವಳ ಕಾಲ ಬಳಿಯೇ ಬಿಟ್ಟು ಹೋಯಿತು.

"ನೋಡು, ಒಲ್ಲೆ ಅಂತದ" ಎಂದಳು. ಅಷ್ಟರಲ್ಲಿ ತೂತಿನಿಂದ ಒಂದು ಸಣ್ಣ ಏಡಿ ಹೊರಬಂತು. ರೊಟ್ಟಿಯ ಚೂರೊಂದನ್ನು ಕಚ್ಚಿಕೊಂಡು, ಅಡ್ಡಡ್ಡ ನಡೆದು, ಒಳಗೆ ಹೋಯಿತು. ಚಿಗವ್ವ ಇನ್ನೊಂದು ರೊಟ್ಟಿ ಮುರಿಯತೊಡಗಿದಳು. ಬಸ್ಸಿಗೆ ಹೊತ್ತಾಗಿತ್ತು.